ಮನೆಯೇ ಪಾಠಶಾಲೆಯಾದಾಗ

ಚಿಕ್ಕ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಲು ನಿಶ್ಚಯಿಸಿದ ತಂದೆತಾಯಿಗಳು ಜೂನ್ ಬಂದೊಡನೆ ಗಂಟೆಗೊಂದು ವಿಷಯದಂತೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದುಂಟು. ಐದಾರು ವರ್ಷದ ಮಗು ಅದಕ್ಕೆ ಒಗ್ಗುವುದಿಲ್ಲ. ಮೊದಲು ಗೊತ್ತುಮಾಡಬೇಕಾದದ್ದು ಗಂಟೆಯನ್ನಲ್ಲ, ಪಾಠದ ಕ್ರಮವನ್ನು.

ಕನ್ನಡವನ್ನೇ ನೋಡಿ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ತಿದ್ದಿಸುತ್ತ ಹೋದರೆ, 'ಸರ' ಎಂಬಷ್ಟು ಸುಲಭವಾದ ಮಾತನ್ನು ಓದಲು ಮಗು ತಿಂಗಳುಗಟ್ಟಲೆ ಕಾಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಾದರೋ ರ, ಗ, ಸ, ದ, ಅ ಎಂಬ ಐದರಿಂದ ತೊಡಗುತ್ತದೆ. ಈ ಐದು ಬಂದರೆ ಸಾಕು, ಸರ, ಅರಸ, ಗರಗಸ ಎಲ್ಲವನ್ನೂ ಮಗು ತಾನೇ ಓದೀತು. (ನನ್ನಂಥ ಪಂಡಿತರಿಗೆ ಇದು ಅಪಚಾರವೆನಿಸಬಹುದು, ವರ್ಣಮಾಲೆ ಎಲ್ಲಿಗೂ ಓಡಿಹೋಗುವುದಿಲ್ಲ.) ಎರಡು ವಾರಕ್ಕೆ ಐದಕ್ಷರದಂತೆ ಹಿಡಿದು, ಜ್ವರ, ನೆಂಟರು, ಹಬ್ಬಗಳಿಗೆಂದು ತಿಂಗಳಿಗೊಂದು ವಾರ ಬಿಟ್ಟರೂ ಡಿಸೆಂಬರ್ ಮೊದಲಿಗೆ ಅಕ್ಷರಗಳು ಮುಗಿಯುತ್ತವೆ. ಕಾಗುಣಿತಕ್ಕೂ ಕಥೆಗಳಿಗೂ ಉಳಿದ ತಿಂಗಳುಗಳಿವೆ.

ಲೆಕ್ಕಕ್ಕೆ ಹುಣಸೆಬೀಜ, ಅಡಿಗೆಮನೆಯ ಪಾವು ಸಾಲದೆ?

ಪರೀಕ್ಷೆಯ ಚಿಂತೆಯುಳ್ಳವರಿಗೊಂದು ಮಾತು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಮೊದಲ ಹಂತವೇ ಮೂರನೆಯ ತರಗತಿಗೆ ಸಮ. ಆರು ವರ್ಷದ ಮಗುವನ್ನು ಈಗಲೇ ಅವಸರಪಡಿಸಬೇಕಾಗಿಲ್ಲ. ಸಂಜೆ ಅಂದಂದಿನ ಪಾಠವನ್ನು ಒಂದು ಪುಸ್ತಕದಲ್ಲಿ ಎರಡು ಸಾಲು ಗುರುತುಹಾಕಿಕೊಳ್ಳಿ. ಮುಂದಿನ ವಾರದ ಏರ್ಪಾಡು ಅದರಿಂದಲೇ ಹೊರಡಲಿ.