ಹತ್ತು ಗುಂಟೆಯ ತಂಪು

ವೈಶಾಖದ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯಿಂದ ಹೊರಟು, ಕಾದ ರಸ್ತೆಯಲ್ಲಿ ನಡೆದು, ದರಿಯಾ ದೌಲತ್ತಿನ ತೋಟವನ್ನು ಹೊಕ್ಕವರಿಗೆ ಒಂದು ಸಂಗತಿ ಕೂಡಲೆ ಅನುಭವಕ್ಕೆ ಬರುತ್ತದೆ. ಬೇಲಿಯ ಹೊರಗಿದ್ದ ಸೂರ್ಯನೇ ಒಳಗೂ ಇದ್ದಾನೆ. ಬೀಸುವ ಗಾಳಿಯೂ ಅದೇ. ಆದರೂ ಮರದ ನೆರಳಿಗೆ ಕಾಲಿಟ್ಟೊಡನೆ ಜೀವಕ್ಕೆ ಹಾಯೆನಿಸುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನು ತನ್ನ ಬೇಸಗೆಯ ಅರಮನೆಯನ್ನು ತೋಟದ ನಡುವೆ ಕಟ್ಟಿಸಿದುದು ಈ ಅನುಭವದ ಬಲದಿಂದಲೇ ಇರಬೇಕು. ಕೃಷ್ಣರಾಜಸಾಗರದ ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲರು ರೂಪಿಸಿದ, 1932ರ ಹೊತ್ತಿಗೆ ಮುಗಿದ ಬೃಂದಾವನವನ್ನು ನೋಡದ ವಾಚಕರು ವಿರಳ.

ಆದರೆ ಈ ಲೇಖನ ಅಂಥ ತೋಟಗಳನ್ನು ಕುರಿತುದಲ್ಲ. ಅವನ್ನು ಅರಸರೂ ದಿವಾನರೂ ಮಾಡಿಸಿದರು. ಇಂದು ಸರ್ಕಾರ ನೋಡಿಕೊಳ್ಳುತ್ತದೆ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಂಥ ಊರುಗಳ ಹೊಸ ಬಡಾವಣೆಗಳಲ್ಲಿ ವಾಸಿಸುವವರಿಗೆ ದಿನವೂ ಒದಗುವುದು ನಕಾಶೆಯಲ್ಲಿ ‘ಉದ್ಯಾನ’ವೆಂದು ಗುರುತು ಮಾಡಿದ ಹತ್ತು ಗುಂಟೆಯಷ್ಟರ ಚಿಕ್ಕ ಬಯಲು. ಇಂಥ ಬಯಲಿನಲ್ಲಿ ಮುಳ್ಳುಗಿಡ ಬೆಳೆದಿರುವುದುಂಟು. ಮನೆ ಕಟ್ಟಿ ಉಳಿದ ಇಟ್ಟಿಗೆ ಚೂರು ಬಿದ್ದಿರುವುದುಂಟು. ಈ ಹತ್ತು ಗುಂಟೆಯಿಂದ ಊರಿಗೆ ಏನು ಪ್ರಯೋಜನ? ಅದನ್ನು ಉಳಿಸಿ ಬೆಳೆಸುವವರು ಯಾರು? ಮೊದಲನೆಯ ಪ್ರಶ್ನೆಗೆ ಭೌತವಿಜ್ಞಾನ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಮ್ಮ ನಾಡಿನ ಇತ್ತೀಚಿನ ಚರಿತ್ರೆಯಲ್ಲಿಯೇ ಉತ್ತರವಿದೆ.

ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಹತ್ತು ಗುಂಟೆಯೆಂದರೆ ಸಾವಿರ ಚದರ ಮೀಟರಿಗಿಂತ ತುಸು ಹೆಚ್ಚು. ನಿರ್ಮಲವಾದ ಆಕಾಶವಿರುವ ದಿನ ನಡುಹಗಲಿನಲ್ಲಿ ಪ್ರತಿ ಚದರ ಮೀಟರು ನೆಲದ ಮೇಲೆ ಸುಮಾರು 1000 ವಾಟ್‌ಗಳಷ್ಟು ಸೌರಶಕ್ತಿ ಬೀಳುತ್ತದೆ. ಅಂದರೆ ನಮ್ಮ ಚಿಕ್ಕ ಬಯಲು ಆ ಹೊತ್ತಿನಲ್ಲಿ ಒಂದು ಸಾವಿರ ಕಿಲೊವಾಟ್ ಶಕ್ತಿಯನ್ನು ಪಡೆಯುತ್ತಿರುತ್ತದೆ. ಶಕ್ತಿ ನಾಶವಾಗುವಂಥದಲ್ಲ, ಅದು ಎಲ್ಲಿಗಾದರೂ ಹೋಗಲೇಬೇಕು. ಎಲ್ಲಿಗೆ ಹೋಗುತ್ತದೆಂಬುದು ನೆಲದ ಮೇಲೆ ಏನಿದೆಯೆಂಬುದನ್ನು ಅವಲಂಬಿಸಿದೆ.

ನೆಲಕ್ಕೆ ಕಾಂಕ್ರೀಟು ಹಾಸಿದ್ದರೆ ಬಿಸಿಲಿನ ಹೆಚ್ಚು ಭಾಗ ಅದನ್ನು ಕಾಯಿಸುವುದರಲ್ಲಿ ವ್ಯಯವಾಗುತ್ತದೆ. ಕಾದ ಕಾಂಕ್ರೀಟು ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸುತ್ತಲೂ ಬೀರುತ್ತದೆ. ಉಳಿದ ಶಾಖವನ್ನು ಒಡಲಲ್ಲಿ ಕೂಡಿಟ್ಟುಕೊಂಡು ರಾತ್ರಿಯೆಲ್ಲ ನಿಧಾನವಾಗಿ ಬಿಟ್ಟುಕೊಡುತ್ತದೆ. ಬೇಸಗೆಯ ರಾತ್ರಿ ಹನ್ನೊಂದಕ್ಕೂ ಮನೆಯ ಪಡುವಣ ಗೋಡೆ ಬಿಸಿಯಾಗಿರುವುದು ಇದರಿಂದಲೇ.

ಅದೇ ಜಾಗದಲ್ಲಿ ಮರವಿದ್ದರೆ ಕಥೆ ಬೇರೆ. ಬೇರುಗಳು ಹೀರಿದ ನೀರು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಸಾಕು. 30 ಡಿಗ್ರಿಯಲ್ಲಿರುವ ಅದೇ ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 580 ಕ್ಯಾಲೊರಿ ಬೇಕು. ಇದೇ ಪಠ್ಯಪುಸ್ತಕದ ಗುಪ್ತೋಷ್ಣ. ನೀರುಂಡ ದೊಡ್ಡ ಮರವೊಂದು ಹಗಲಿನಲ್ಲಿ ನೂರು ಲೀಟರು ನೀರನ್ನು ಆವಿಯಾಗಿ ಬಿಟ್ಟಿತೆಂದು ಇಟ್ಟುಕೊಳ್ಳೋಣ. ಅದು ಹೀರುವ ಶಾಖ 5 ಕೋಟಿ 80 ಲಕ್ಷ ಕ್ಯಾಲೊರಿ. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 67 ಯೂನಿಟ್. ‘ಒಂದು ಟನ್’ ಎಂದು ಹೆಸರಾದ ತಂಪುಯಂತ್ರ ಗಂಟೆಗೆ ಮೂರೂವರೆ ಯೂನಿಟ್ಟಿನಷ್ಟು ಶಾಖವನ್ನು ಕೋಣೆಯಿಂದ ತೆಗೆಯುತ್ತದೆ. ಆದುದರಿಂದ ಆ ಒಂದು ಮರ, ಹತ್ತು ಗಂಟೆ ಕಾಲ ಬಿಡದೆ ನಡೆಯುವ ಎರಡು ಯಂತ್ರಗಳಿಗೆ ಸಮ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಯಂತ್ರವು ಕೋಣೆಯ ಶಾಖವನ್ನು, ತಾನು ತಿಂದ ವಿದ್ಯುತ್ತಿನ ಶಾಖದೊಡನೆ ಸೇರಿಸಿ, ಬೀದಿಗೆ ಉಗುಳುತ್ತದೆ. ಮರ ಹೀರಿದ ಶಾಖವಾದರೋ ಆವಿಯಲ್ಲಿ ಅಡಗಿ ಮೇಲೇರಿ, ಎಲ್ಲಿಯೋ ಮೋಡ ಕಟ್ಟುವಾಗ ಬಿಡುಗಡೆಯಾಗುತ್ತದೆ.

ಇಷ್ಟನ್ನು ಓದಿದ ವಿದ್ಯಾರ್ಥಿ ಉಷ್ಣಮಾಪಕವನ್ನು ಹಿಡಿದು ಹೊರಟರೆ ನಿರಾಶೆಯಾದೀತು. ಮರದ ಕೆಳಗಿನ ಗಾಳಿಗೂ ಪಕ್ಕದ ಬೀದಿಯ ಗಾಳಿಗೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ ಕಾಣಬಹುದು. ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ, ಬೆರೆಯುತ್ತಲೇ ಇರುತ್ತದೆ. ಹಾಗಾದರೆ ಮೈಗೆ ತಿಳಿಯುವ ಆ ದೊಡ್ಡ ವ್ಯತ್ಯಾಸ ಎಲ್ಲಿಂದ ಬಂದಿತು? ನಮ್ಮ ಮೈ ಗಾಳಿಯೊಡನೆ ಮಾತ್ರವಲ್ಲ, ಸುತ್ತಲಿನ ಎಲ್ಲ ವಸ್ತುಗಳೊಡನೆಯೂ ವಿಕಿರಣದ ಮೂಲಕ ಶಾಖದ ವ್ಯವಹಾರ ನಡೆಸುತ್ತಿರುತ್ತದೆ. ಬೀದಿಯಲ್ಲಿ ನಿಂತಾಗ ಮೇಲಿನಿಂದ ಸೂರ್ಯ, ಕೆಳಗಿನಿಂದ ಡಾಮರು, ಪಕ್ಕದಿಂದ ಗೋಡೆ ನಮ್ಮನ್ನು ಕಾಯಿಸುತ್ತವೆ. ಮರದಡಿಯಲ್ಲಿ ಮೇಲೆ ತಣ್ಣನೆಯ ಎಲೆಗಳು, ಕೆಳಗೆ ಬಿಸಿಲು ಕಾಣದ ಮಣ್ಣು. ಒಂದು ಚಿಕ್ಕ ತಗಡಿನ ಡಬ್ಬಿಗೆ ಹೊರಗೆ ಕಪ್ಪು ಬಣ್ಣ ಬಳಿದು, ಅದರೊಳಗೆ ಉಷ್ಣಮಾಪಕವನ್ನು ಇಳಿಬಿಟ್ಟು, ಎರಡೂ ಕಡೆ ಅರ್ಧ ಗಂಟೆ ಇಟ್ಟು ನೋಡಿದರೆ ವಾಚಕರಿಗೆ ನಿಜ ತಿಳಿಯುತ್ತದೆ. ಬರಿಯ ಉಷ್ಣಮಾಪಕವನ್ನು ನೇರ ಬಿಸಿಲಿನಲ್ಲಿ ಹಿಡಿದು ಗಾಳಿಯ ಉಷ್ಣತೆಯನ್ನು ಓದಿದೆನೆಂದು ಮಾತ್ರ ತಿಳಿಯಬಾರದು. ಅದು ಆಗ ಹೇಳುವುದು ತನ್ನದೇ ಉಷ್ಣತೆಯನ್ನು.

ಇನ್ನು ನೀರಿನ ಲೆಕ್ಕ. ಹತ್ತು ಗುಂಟೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಸುಮಾರು ಹತ್ತು ಸಾವಿರ ಲೀಟರು. ಮಂಡ್ಯದ ಸೀಮೆಯಲ್ಲಿ ವರ್ಷಕ್ಕೆ ಸುಮಾರು 70 ಸೆಂಟಿಮೀಟರು ಮಳೆಯೆಂದರೆ ಏಳು ಲಕ್ಷ ಲೀಟರಾಯಿತು. ದೊಡ್ಡ ಮೊತ್ತವೆಂದು ತೋರುತ್ತದೆ. ಆದರೆ ಇಡೀ ಬಯಲಿಗೆ ಹುಲ್ಲುಹಾಸು ಮಾಡಿ, ಅದು ಬೇಸಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರು ನೀರನ್ನು ಆವಿಯಾಗಿಸುತ್ತದೆಂದು ಎಣಿಸಿದರೆ ದಿನದ ಖರ್ಚು ಐದು ಸಾವಿರ ಲೀಟರು. ಬಿದ್ದ ಮಳೆಯಲ್ಲಿ ಒಂದು ಹನಿಯೂ ಹರಿದುಹೋಗದಿದ್ದರೂ 140 ದಿನಕ್ಕೆ ಮುಗಿಯಿತು. ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಲ್ಲಿ ಇದು ಚಿಂತೆಯ ವಿಷಯವಲ್ಲದಿರಬಹುದು. ಒಣಭೂಮಿಯ ನಾಗಮಂಗಲದಲ್ಲಿ ಹುಲ್ಲುಹಾಸಿನ ಆಸೆ ಕುಡಿಯುವ ನೀರಿಗೇ ಕೈಹಾಕುತ್ತದೆ. ಅಲ್ಲಿಗೆ ಆಳಕ್ಕೆ ಬೇರಿಳಿಸುವ ಹೊಂಗೆ, ಬೇವು, ನೇರಳೆ, ಹಿಪ್ಪೆಗಳೇ ತಕ್ಕವು. ಹೊಂಗೆ ಬೇಸಗೆಯ ಮೊದಲಲ್ಲಿ ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಹೊಸ ಚಿಗುರಿನ ದಟ್ಟ ನೆರಳನ್ನು ಒಡ್ಡುತ್ತದೆ. ಹಾಗೆಂದು ಬಯಲನ್ನೆಲ್ಲ ಮರಗಳಿಂದ ಮುಚ್ಚುವುದೂ ತಕ್ಕುದಲ್ಲ. ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗಲು ತೆರವು ಬೇಕು. ಮಕ್ಕಳ ಆಟಕ್ಕೂ ಬೇಕು.

ಈ ಲೆಕ್ಕವೆಲ್ಲ ನಿಜವಾಗಬೇಕಾದರೆ ಮೊದಲು ಬಯಲು ಬಯಲಾಗಿ ಉಳಿಯಬೇಕು. ಇಲ್ಲಿ ಬೆಂಗಳೂರಿನ ಒಂದು ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಸದಾಶಿವನಗರದ ಭಾಗದಲ್ಲಿರುವ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಯೊಂದನ್ನು ಕಟ್ಟಲು ಕೊಡಲಾಯಿತು. ಅಲ್ಲಿನ ನಿವಾಸಿಗಳು ಒಟ್ಟಾಗಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು. ಅವರು ಕೈಬಿಡಲಿಲ್ಲ, ವಿಭಾಗೀಯ ಪೀಠದಲ್ಲಿ ಗೆದ್ದರು. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ. ಎಸ್. ಮುದ್ದಪ್ಪ’ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1991ರ ಜುಲೈ 19ರಂದು ತೀರ್ಪು ನಿವಾಸಿಗಳ ಪರವಾಗಿ ಬಂದಿತು. ಆಸ್ಪತ್ರೆ ಒಳ್ಳೆಯದಲ್ಲವೆಂದು ಯಾರೂ ವಾದಿಸಲಿಲ್ಲ. ಬಡಾವಣೆಯ ಯೋಜನೆಯಲ್ಲಿ ಎಲ್ಲರಿಗಾಗಿ ಬಿಟ್ಟ ಜಾಗವನ್ನು ಅಧಿಕಾರದಲ್ಲಿರುವವರ ಇಚ್ಛೆಯಂತೆ ಖಾಸಗಿಯವರಿಗೆ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂಬುದೇ ತೀರ್ಪಿನ ತಿರುಳು. ಈ ನಡುವೆ 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರವು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ ಒಂದು ಕಾನೂನೂ ಆಗಿತ್ತು.

ಉಳಿದ ಜಾಗವನ್ನು ಬೆಳೆಸುವುದು ಹೇಗೆ? ಬೆಂಗಳೂರಿನ ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆಗೆ ಸ್ವಲ್ಪ ಮಿಕ್ಕ ಚಿಕ್ಕ ಕೆರೆ. ಸುತ್ತ ಮನೆಗಳೆದ್ದು ಮಳೆನೀರಿನ ದಾರಿಗಳು ಮುಚ್ಚಿಹೋಗಿ ಅದು ಬತ್ತುತ್ತ ಬಂದಿತ್ತು. 2010ರಲ್ಲಿ ಲೇಖಕಿ ಉಷಾ ರಾಜಗೋಪಾಲನ್ ಮೊದಲಾದ ನೆರೆಹೊರೆಯವರು ಒಂದು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಪಾಲನೆಗೆ ನಿಂತರು. ಗಿಡ ನೆಟ್ಟರು, ಕಸ ತೆಗೆದರು. ಆದರೆ ನೀರಿಲ್ಲದೆ ಕೆರೆಯುಂಟೇ? ಪಕ್ಕದ ದೊಡ್ಡ ವಸತಿ ಸಮುಚ್ಚಯವೊಂದರ ಬಳಸಿದ ನೀರನ್ನು ಶುದ್ಧಿಮಾಡಿ, ಜೊಂಡು ಬೆಳೆಸಿದ ಕೃತಕ ಜೌಗಿನ ಮೂಲಕ ಸೋಸಿ, 2015ರಿಂದ ಕೆರೆಗೆ ಹಾಯಿಸಿದರು. ಮನೆಯ ಬಚ್ಚಲಿನ ನೀರೇ ಹಕ್ಕಿಗಳ ಕೊಳವಾಯಿತು. ಮೇಲಿನ ನಮ್ಮ ಲೆಕ್ಕದ ಕೊರತೆಗೂ ಇಲ್ಲಿ ದಾರಿಯಿದೆ: ಊರು ಎಸೆಯುವ ನೀರು ತಕ್ಕ ಶುದ್ಧಿಯ ಬಳಿಕ ಉದ್ಯಾನಕ್ಕೆ ಆದೀತು.

ಎಲ್ಲರಿಗೂ ಸೇರಿದುದು ಯಾರ ಆರೈಕೆಗೂ ಸಿಕ್ಕದೆ ಹಾಳಾಗುತ್ತದೆಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಮೆರಿಕದ ಎಲಿನಾರ್ ಆಸ್ಟ್ರಮ್ ಈ ಮಾತನ್ನು ಒಪ್ಪಲಿಲ್ಲ. ಲೋಕದ ಹಲವೆಡೆ ಜನರು ತಾವೇ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿದವರಿಗೆ ಮೊದಲು ಚಿಕ್ಕ ದಂಡ ವಿಧಿಸಿ, ಹುಲ್ಲುಗಾವಲು ಮತ್ತು ಕಾಲುವೆಗಳನ್ನು ತಲೆತಲಾಂತರ ಉಳಿಸಿಕೊಂಡುದನ್ನು ಅವರು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು. ಕೆರೆಯ ನೀರನ್ನು ಹಂಚುತ್ತಿದ್ದ ನೀರುಗಂಟಿಯನ್ನು ಬಲ್ಲ ನಮ್ಮ ಹಳ್ಳಿಗಳಿಗೆ ಇದು ಪೂರ್ತಿ ಹೊಸ ವಿಷಯವೇನಲ್ಲ. ನಮ್ಮ ಜಿಲ್ಲೆಯದೇ ಆದ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಹಿತ್ತಲ ಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನು ಊರವರು ಕಾಯ್ದುಕೊಂಡು ಬಂದರು. 2007ರಲ್ಲಿ ಅದು ಸಮುದಾಯ ಮೀಸಲು ಎಂದು ಘೋಷಿತವಾಯಿತು.

ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದುದೇನು? ಅಳೆಯುವುದು. ಎರಡೂ ಕಡೆ ತೆರೆದ ತಗಡಿನ ಡಬ್ಬಿಯನ್ನು ನೆಲದಲ್ಲಿ ಎರಡು ಬೆರಳಿನಷ್ಟು ಊರಿ, ಅರ್ಧ ಲೀಟರು ನೀರು ಹೊಯ್ದು, ಇಂಗಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿರಿ. ತರಗೆಲೆ ಕೊಳೆತ ಮರದಡಿಯ ಮಣ್ಣಿನಲ್ಲಿ ಒಮ್ಮೆ, ತುಳಿದು ಗಟ್ಟಿಯಾದ ನೆಲದಲ್ಲಿ ಒಮ್ಮೆ. ಗಟ್ಟಿ ನೆಲದಲ್ಲಿ ಮಣ್ಣಿನ ಸಂದುಗಳು ಮುಚ್ಚಿಹೋಗಿರುತ್ತವೆ. ನೀರೂ ಇಳಿಯದು, ಬೇರಿಗೆ ಗಾಳಿಯೂ ತಲಪದು. ಮರದ ಬುಡದ ಸುತ್ತ ಒತ್ತಾಗಿ ಕಾಂಕ್ರೀಟು ಹಾಕುವುದೂ, ತರಗೆಲೆ ಗುಡಿಸಿ ಸುಡುವುದೂ ಏಕೆ ತಪ್ಪೆಂಬುದು ಆಗ ತಾನಾಗಿ ತಿಳಿಯುತ್ತದೆ. ಸುಡುವ ಬದಲು ಆ ಎಲೆಯನ್ನು ಸಗಣಿಯೊಡನೆ ಒದ್ದೆಯಾಗಿ ರಾಶಿಹಾಕಿ ಒಳಗೆ ಉಷ್ಣಮಾಪಕವಿಟ್ಟರೆ, ಸೂಕ್ಷ್ಮಜೀವಿಗಳ ಕೆಲಸದಿಂದ ಉಷ್ಣತೆ 50 ಡಿಗ್ರಿಯನ್ನು ಮೀರುವುದನ್ನೂ ಕಾಣಬಹುದು.

ಈ ಅಳತೆಗಳನ್ನು ತಿಂಗಳಿಗೊಮ್ಮೆ ಬರೆದು ಬಡಾವಣೆಯವರು ನೋಡುವಲ್ಲಿ ತೂಗುಹಾಕಬೇಕು. ಇದರಿಂದ ಎರಡು ಲಾಭ. ಯಾವ ಕೆಲಸ ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದರಲ್ಲಿ ಜಗಳಕ್ಕೆ ಎಡೆ ಕಡಿಮೆ. ಮೇಲಾಗಿ, ಮುಂದೊಂದು ದಿನ ಯಾರಾದರೂ ಬಂದು ‘ಈ ಪಾಳುಜಾಗ ಯಾರಿಗೂ ಉಪಯೋಗವಿಲ್ಲ’ ಎಂದಾಗ ತೋರಿಸಲು ಕೈಯಲ್ಲಿ ಅಂಕಿಗಳಿರುತ್ತವೆ. ‘ಹನಿಗೂಡಿದರೆ ಹಳ್ಳ’ ಎಂಬ ಗಾದೆ ನೀರಿಗೆ ಸಲ್ಲುವಂತೆ ಅಳತೆಗೂ ಸಲ್ಲುತ್ತದೆ.

ಕಟ್ಟಡಕ್ಕೆ ಬೇರೆ ಜಾಗ ಹುಡುಕಬಹುದು. ಮನೆಗಳ ನಡುವೆ ಒಮ್ಮೆ ಕಳೆದುಕೊಂಡ ಹತ್ತು ಗುಂಟೆಯನ್ನು ಮರಳಿ ತರುವುದು ದುಸ್ಸಾಧ್ಯ. ಮುಂಗಾರಿನ ಮೊದಲ ಹದಮಳೆಗೆ ಒಂದು ಹೊಂಗೆಯ ಸಸಿಯನ್ನು ನೆಟ್ಟು, ಮೊದಲ ಎರಡು ಬೇಸಗೆ ನೀರೆರೆಯಲು ಎದುರುಬದುರಿನ ನಾಲ್ಕು ಮನೆಗಳವರು ಸರದಿ ಹಂಚಿಕೊಂಡರೆ ಸಾಕು. ಇಂದು ಎಂಟನೆಯ ತರಗತಿಯಲ್ಲಿರುವ ವಾಚಕರು ಪದವಿ ಮುಗಿಸುವ ಹೊತ್ತಿಗೆ, ಅದರ ಅಡಿಯಲ್ಲಿ ಕಪ್ಪು ಡಬ್ಬಿಯನ್ನಿಟ್ಟು ಮತ್ತೊಮ್ಮೆ ಉಷ್ಣತೆಯನ್ನು ಓದಬಹುದು.