ಕಡಲ ತಳ ನೋಡಬೇಕೆ? ಊರು ಆರಿಸುವ ಮೊದಲು ಓದಿ

ನಮ್ಮ ಮೈದುನನ ಮಗಳು ಅಮೆರಿಕದಲ್ಲಿದ್ದಾಳೆ. ಕೆರಿಬಿಯನ್ ಕಡಲಿನ ಬೊನೇರ್ ಎಂಬ ದ್ವೀಪದಿಂದ ಒಂದು ಫೋಟೋ ಕಳಿಸಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಕೊಳವೆ, ಸುತ್ತ ಬಣ್ಣಬಣ್ಣದ ಮೀನು. “ದೊಡ್ಡವ್ವ, ಇಲ್ಲಿ ಗದ್ದಲಿಲ್ಲ. ಊರ ಮಂದಿ ತಮ್ಮ ಭಾಷಾ ಮಾತಾಡ್ಕೊಂತ ತಮ್ಮ ಪಾಡಿಗೆ ತಾವಿದ್ದಾರ. ನೀನೂ ಬಾ” ಅಂತ ಫೋನಿನಲ್ಲಿ ಕರೆದಳು. ವೆಸ್ಟ್ ಇಂಡೀಸ್ ಅಂದರೆ ನನಗೆ ಗೊತ್ತಿದ್ದದ್ದು ಕ್ರಿಕೆಟ್ಟು ಒಂದೇ. ಅಲ್ಲಿ 1979ರಲ್ಲೇ ದ್ವೀಪದ ಸುತ್ತಲ ಕಡಲನ್ನು ರಕ್ಷಿತ ಪ್ರದೇಶ ಮಾಡಿದ್ದಾರಂತೆ, ಹವಳಕ್ಕೆ ಕೈ ಹಚ್ಚುವ ಹಾಗಿಲ್ಲವಂತೆ.

ಅಷ್ಟು ದೂರದ ಮಾತು ಬಿಡಿ. ಬೆಟಗೇರಿಯಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಟ್ಟುವ ದಾರಿಯಲ್ಲೇ ಇಂಥದೊಂದು ಜಾಗವಿದೆ ಎಂದರೆ ನಂಬುತ್ತೀರಾ? ಅದೇ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ, ಅರಬ್ಬೀ ಸಮುದ್ರದಲ್ಲಿ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ ನೋಡಿದವರಿಗೆ ಅದರ ತಳ ಒಮ್ಮೆ ಕಂಡೇ ಇರುತ್ತದೆ. ಮೀನುಗಾರರಿಗೆ ಇದು ಹರಕೆಯ ಜಾಗ. ದೋಣಿಯಲ್ಲಿ ಹೋಗಿ ಆಡು ಒಪ್ಪಿಸುವ ರೂಢಿ ಹಳೆಯದು. ನೌಕಾಪಡೆಯವರು ಬಹಳ ವರ್ಷ ಗುರಿ ಅಭ್ಯಾಸಕ್ಕೂ ಇದನ್ನೇ ಬಳಸಿದರು. ಹರಕೆಯೂ ಗುಂಡೂ ಒಂದೇ ಬಂಡೆಗೆ!

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿಂದ ಹೊರಟರೂ ಮೊದಲು ಹುಬ್ಬಳ್ಳಿ ಸೇರಿಕೊಳ್ಳಿ. ಅಲ್ಲಿಂದ ಯಲ್ಲಾಪುರ, ಅಂಕೋಲಾ, ಕುಮಟಾ, ಹೊನ್ನಾವರದ ಮೇಲೆ ಬಸ್ಸು. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಕೇಳಿ ಕೇಳಿ ನಮಗೆ ವಯಸ್ಸಾಯಿತು, ರೈಲು ಮಾತ್ರ ಬಂದಿಲ್ಲ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನಮ್ಮ ಮಾಗಡಿ ಕೆರೆಗೆ ಪಟ್ಟೆತಲೆಯ ಬಾತುಗಳು ಬಂದು ಇಳಿಯುತ್ತವಲ್ಲ, ಆ ಚಳಿಗಾಲವೇ ಒಳ್ಳೆಯ ಕಾಲ ಅಂತ ಲೆಕ್ಕ ಇಟ್ಟುಕೊಳ್ಳಿ. ಆದರೆ ಶನಿವಾರ, ಭಾನುವಾರ, ಕ್ರಿಸ್‌ಮಸ್ ರಜೆ, ಶಿವರಾತ್ರಿ ಬೇಡವೇ ಬೇಡ. ಮುರ್ಡೇಶ್ವರ ಸದ್ದಿಲ್ಲದ ಊರೇನಲ್ಲ. 123 ಅಡಿಯ ಶಿವನನ್ನು ನೋಡಲು ನಾಡೆಲ್ಲ ಬರುತ್ತದೆ. ಶಾಂತಿ ಬೇಕಾದರೆ ಮಂಗಳವಾರ, ಬುಧವಾರ ಹೋಗಿ. ಊರು ಅದೇ, ಹದಿನಾರಾಣೆ ಬೇರೆಯಾಗಿ ಕಾಣುತ್ತದೆ.

ಇನ್ನು ಬಹಳ ಮಂದಿ ಮಾಡುವ ತಪ್ಪು. ಬೆಳಿಗ್ಗೆ ಮುಳುಗು ಹಾಕಿ ಸಂಜೆಯೇ ಬಸ್ಸು ಹತ್ತಿಬಿಡುವುದು. “ಒಂದು ರಾತ್ರಿಯ ಲಾಡ್ಜಿನ ರೊಕ್ಕ ಉಳೀತು” ಅಂತ ಖುಷಿ. ದಯವಿಟ್ಟು ಹಾಗೆ ಮಾಡಬೇಡಿ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ನಮ್ಮ ರಕ್ತದಲ್ಲಿ ಕರಗುತ್ತದೆ. ಎತ್ತರಕ್ಕೆ ಬೇಗ ಹೋದರೆ ಅದು ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆಯಾಗಬಹುದು. ವಿಮಾನ ಹತ್ತಲು ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಿರಿ ಎನ್ನುತ್ತಾರೆ. ಘಟ್ಟಕ್ಕೂ ಅದೇ ಎಚ್ಚರ ಒಳ್ಳೆಯದು. ಹುಬ್ಬಳ್ಳಿ, ಗದಗ ಎರಡೂ ಸಮುದ್ರಕ್ಕಿಂತ 600 ಮೀಟರಿಗೂ ಮೇಲಿವೆ. ಹೊಸಬರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ನಿಜ. ಆದರೂ ಒಂದು ರಾತ್ರಿ ಕೆಳಗೇ ಇದ್ದುಬಿಡಿ.

ಇದ್ದರೆ ನಷ್ಟವೇನೂ ಇಲ್ಲ. ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಸ್ಥಾನದ ಕಲ್ಲುಕೆತ್ತನೆ ನೋಡಿ. ಅದೇ ಊರಿನಲ್ಲಿ ನವಾಯತರ ಮನೆಗಳು, ಅವರದೇ ಮಾತು. ಇಡಗುಂಜಿ ಗಣಪತಿಗೆ ಕೈಮುಗಿದು ಬನ್ನಿ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮೇಳವಿದೆ. ಆಟದ ಕಾಲವೂ ಮುಳುಗಿನ ಕಾಲವೂ ಒಂದೇ, ಮಳೆ ಬರುವ ತನಕ. ಎಲ್ಲಿ ಆಟವಿದೆ ಎಂದು ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ. ಊಟಕ್ಕೆ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ನಾನು ಎರಡು ಲೋಟ ಕುಡಿದು ಮಧ್ಯಾಹ್ನವೆಲ್ಲ ನಿದ್ದೆ ಹೊಡೆದೆ.

ಈಗ ನಮ್ಮದೇ ಕಥೆ. ನಾನೂ ನಾದಿನಿಯೂ ಹೋಗಿದ್ದೆವು. ಮುಂಗಡ ಕೊಟ್ಟಾಗಿತ್ತು. ದೋಣಿ ಹತ್ತುವ ಹೊತ್ತಿಗೆ ಒಂದು ಫಾರಂ ಕೊಟ್ಟರು: ಅಸ್ತಮಾ ಇದೆಯೆ, ಹೃದಯದ ತೊಂದರೆ ಇದೆಯೆ, ಕಿವಿಯ ಆಪರೇಷನ್ ಆಗಿದೆಯೆ, ಬಸುರಿಯೆ, ನೆಗಡಿಯೆ. ನಾದಿನಿಗೆ ಚಳಿಗಾಲದಲ್ಲಿ ಉಬ್ಬಸ, ಈಗಲೂ ಪಂಪು ಇಟ್ಟುಕೊಂಡಿರುತ್ತಾಳೆ. ಪಕ್ಕದಲ್ಲಿದ್ದ ಒಬ್ಬರು “ಇಲ್ಲ ಅಂತ ಬರದುಬಿಡ್ರಿ, ಯಾರ್ ನೋಡ್ತಾರ” ಎಂದರು. ನನಗೂ ಮನಸ್ಸಿನೊಳಗೆ ಹಾಗೇ ಅನ್ನಿಸಿತು, ಸುಳ್ಳು ಹೇಳಲಾರೆ. ಅವಳೂ ‘ಇಲ್ಲ’ ಎಂದು ಬರೆದಳು. ದೋಣಿ ಅರ್ಧ ದಾರಿ ಹೋಗಿತ್ತು, ನನ್ನ ಕೈ ಹಿಡಿದು “ವೈನಿ, ನನಗ ಹೆದರಿಕಿ ಆಗ್ಲಿಕತ್ತದ, ಹೇಳಿಬಿಡ್ತೀನಿ” ಎಂದಳು. ಹೇಳಿದಳು. ತರಬೇತುದಾರ ಹುಡುಗ ಸಿಟ್ಟಾಗಲಿಲ್ಲ, ನೀರಿಗೂ ಇಳಿಸಲಿಲ್ಲ. ಹಣ ವಾಪಸು ಬರಲಿಲ್ಲ. ಊರಿಗೆ ಬಂದ ಮೇಲೆ ಆ ಕೆಲವು ಸಾವಿರದ ಲೆಕ್ಕವನ್ನು ಮನೆಯಲ್ಲಿ ವಾರಗಟ್ಟಲೆ ಕೇಳಬೇಕಾಯಿತು.

ಆದ್ದರಿಂದ ಮುಂಗಡ ಕೊಡುವ ಮೊದಲೇ ಆ ಫಾರಂ ತರಿಸಿಕೊಳ್ಳಿ. ಬಿಪಿ, ಸಕ್ಕರೆ ಏನಿದ್ದರೂ ನಿಮ್ಮ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. ಇಳಿಯಬಾರದು ಎಂದಾದರೆ ಹಣ ವಾಪಸೋ ಇಲ್ಲವೋ, ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ, ದಡದಲ್ಲಿ ಮೊದಲು ಅಭ್ಯಾಸ ಮಾಡಿಸುತ್ತಾರೋ, ಕೇಳಿ. ಗುಂಪಿನಲ್ಲಿ ದೂಡಿಬಿಡುವವರಾದರೆ ಅಗ್ಗವಾದರೂ ಬೇಡ.

ಸೀರೆಯ ಚಿಂತೆ ಬೇಡ. ಕುತ್ತಿಗೆಯಿಂದ ಹಿಮ್ಮಡಿ ತನಕ ಮುಚ್ಚುವ ರಬ್ಬರಿನ ಉಡುಪು ಕೊಡುತ್ತಾರೆ. ಬಳೆ, ಮೂಗುಬೊಟ್ಟು, ಸರ ಲಾಡ್ಜಿನಲ್ಲೇ ಬಿಚ್ಚಿಟ್ಟುಬನ್ನಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಮೇಲೆ ಬಂದ ಮೇಲೆ ಬಿಚ್ಚಿ.

ಈಜು ಬರದಿದ್ದರೂ ತರಬೇತುದಾರ ಹಿಡಿದೇ ಒಯ್ಯುತ್ತಾನೆ. ಎರಡು ಮಾತು ಮರೆಯಬೇಡಿ: ಉಸಿರು ಬಿಗಿಹಿಡಿಯಬಾರದು, ಮತ್ತು ಕಿವಿ ಒತ್ತಿದಾಗ ಮೂಗು ಹಿಡಿದು ಮೆಲ್ಲಗೆ ಊದಬೇಕು. ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲೆ ಹೋಗೋಣ’ ಎಂದರ್ಥ! ನಾನು ಖುಷಿಗೆ ಎತ್ತಿದೆ, ಪುಣ್ಯಾತ್ಮ ನನ್ನನ್ನು ಮೇಲಕ್ಕೆ ತಂದೇಬಿಟ್ಟ. ಎರಡನೆಯ ಸಲ ಇಳಿದಾಗ ಗಿಳಿಮೀನೊಂದು ಬಂಡೆ ಕಡಿಯುವ ಕಟಕಟ ಸದ್ದು, ನನ್ನ ಉಸಿರಿನ ಸದ್ದು, ಅಷ್ಟೇ. ಮದುವೆಯಾದ ಮೇಲೆ ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯದೆ ಇದ್ದದ್ದು ಅದೇ ಮೊದಲು.

ಒಂದು ಎಚ್ಚರಿಕೆ. ಕಾವಲಿಲ್ಲದ ದಡದ ಅಲೆ, ಜೊತೆಗಾರನಿರುವ ಆಳಕ್ಕಿಂತ ಮೋಸ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದ ದಡದಲ್ಲೇ ನೀರುಪಾಲಾದರು. ಮಕ್ಕಳನ್ನು ಕರೆದೊಯ್ದರೆ ಕೈ ಬಿಡಬೇಡಿ.

ನಾದಿನಿ ದೋಣಿಯಲ್ಲೇ ಕೂತು ಮೂರು ಆಮೆ ಎಣಿಸಿದಳಂತೆ. ಮರುದಿನ ಭಟ್ಕಳದ ಪೇಟೆಯಲ್ಲಿ ನಾಲ್ಕು ಮೊಳ ಮಲ್ಲಿಗೆ ಕೊಂಡು ಇಬ್ಬರೂ ಮುಡಿದುಕೊಂಡು ಬಸ್ಸು ಹತ್ತಿದೆವು. ಕಲಘಟಗಿ ದಾಟುವಷ್ಟರಲ್ಲಿ ಅದು ಬಾಡಿತ್ತು, ಘಮ ಮಾತ್ರ ಬೆಟಗೇರಿಯ ಮನೆ ಬಾಗಿಲ ತನಕ ಬಂತು.