ಭಾಗಿಸಿ ನೋಡದೆ ಅವಿಭಾಜ್ಯವನ್ನು ಗುರುತಿಸುವುದು ಹೇಗೆ?

170141183460469231731687303715884105727

39 ಅಂಕಿಗಳ ಈ ಸಂಖ್ಯೆ ಒಂದು ಅವಿಭಾಜ್ಯ. 1 ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಅದು ನಿಶ್ಶೇಷವಾಗಿ ಭಾಗವಾಗುವುದಿಲ್ಲ. 2ನ್ನು 127 ಸಲ ಬರೆದು ಗುಣಿಸಿ, ಬಂದ ಲಬ್ಧದಿಂದ 1 ಕಳೆದರೆ ಇದು ದೊರೆಯುತ್ತದೆ. 1876ರಲ್ಲಿ ಇದು ಅವಿಭಾಜ್ಯವೆಂದು ತೋರಿಸಿದವರು ಫ್ರಾನ್ಸಿನ ಗಣಿತಜ್ಞ ಎಡ್ವಾರ್ ಲ್ಯೂಕಾ. ಆಗ ಕಂಪ್ಯೂಟರ್ ಇರಲಿಲ್ಲ. ಮುಂದೆ 75 ವರ್ಷಗಳ ಕಾಲ, 1951ರವರೆಗೆ, ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ.

ಲ್ಯೂಕಾ ಇದನ್ನು ಹೇಗೆ ಕಂಡುಕೊಂಡರು? 97 ಅವಿಭಾಜ್ಯವೇ ಎಂದು ತಿಳಿಯಲು ನಾವು 2, 3, 5, 7ರಿಂದ ಭಾಗಿಸಿ ನೋಡುತ್ತೇವೆ, ವರ್ಗಮೂಲವನ್ನು ದಾಟಬೇಕಾಗಿಲ್ಲ. ಆದರೆ ನಮ್ಮ ಸಂಖ್ಯೆಯ ವರ್ಗಮೂಲಕ್ಕೇ 20 ಅಂಕಿಗಳಿವೆ! ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರವಿದ್ದು, ಬೆಸ ಸಂಖ್ಯೆಗಳನ್ನಷ್ಟೇ ಪರೀಕ್ಷಿಸಿದರೂ ಇನ್ನೂರು ವರ್ಷ ಹಿಡಿಯುತ್ತದೆ.

ಲ್ಯೂಕಾ ಹಿಡಿದದ್ದು ಬೇರೆ ದಾರಿ. 1930ರಲ್ಲಿ ಅಮೆರಿಕದ ಲೆಹ್ಮರ್ ಅದನ್ನು ಇನ್ನಷ್ಟು ಸರಳಗೊಳಿಸಿದರು. ಆ ರೂಪವನ್ನೇ ಒಂದು ಚಿಕ್ಕ ಸಂಖ್ಯೆಯಲ್ಲಿ ನೋಡೋಣ. 2ರ 7ನೇ ಘಾತದಿಂದ 1 ಕಳೆದರೆ 127. ಈಗ 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. 4ರಿಂದ 14 ಬರುತ್ತದೆ. 14ರಿಂದ 194, ಅದರ ಶೇಷ 67. ಹೀಗೆಯೇ ಮುಂದೆ 42, 111, ಕೊನೆಗೆ 0. ಘಾತ 7 ಆದ್ದರಿಂದ ಅದಕ್ಕಿಂತ ಎರಡು ಕಡಿಮೆ, ಅಂದರೆ 5 ಹೆಜ್ಜೆ. ಐದನೆಯ ಹೆಜ್ಜೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ನಮ್ಮ 39 ಅಂಕಿಗಳ ಸಂಖ್ಯೆಗೆ ಬೇಕಾದದ್ದು 125 ಹೆಜ್ಜೆ. ಬೇಸರದ ಕೆಲಸ ನಿಜ, ಆದರೆ ಮನುಷ್ಯನಿಂದ ಆಗುವ ಕೆಲಸ. 2ರ ಘಾತದಿಂದ 1 ಕಳೆದ ಸಂಖ್ಯೆಗಳಿಗೆ ಮಾತ್ರ, ಅದೂ ಘಾತ ಬೆಸ ಅವಿಭಾಜ್ಯವಾಗಿದ್ದಾಗ, ಈ ವಿಧಾನ ಸಲ್ಲುತ್ತದೆಂಬುದನ್ನು ಮರೆಯಬಾರದು. 2024ರಲ್ಲಿ ಪತ್ತೆಯಾದ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವೂ ಇದೇ ಜಾತಿಯದು.

ಈ ಪರೀಕ್ಷೆಯಲ್ಲೊಂದು ವಿಚಿತ್ರವಿದೆ. ಸಂಖ್ಯೆ ಒಡೆಯುತ್ತದೆ ಎಂದು ಹೇಳುತ್ತದೆಯೇ ಹೊರತು ಎಲ್ಲಿ ಒಡೆಯುತ್ತದೆ ಎಂದು ಹೇಳುವುದಿಲ್ಲ. 2ರ 67ನೇ ಘಾತದಿಂದ 1 ಕಳೆದ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಬರೆದಿದ್ದರು. ಅದು ಸರಿಯಲ್ಲವೆಂದು ಲ್ಯೂಕಾ 1876ರಲ್ಲಿ ತೋರಿಸಿದರು, ಆದರೆ ಅಪವರ್ತನಗಳನ್ನು ಕೊಡಲಾಗಲಿಲ್ಲ. 193707721 ಮತ್ತು 761838257287 ಎಂಬ ಆ ಎರಡು ಅಪವರ್ತನಗಳನ್ನು ಅಮೆರಿಕದ ಫ್ರಾಂಕ್ ಕೋಲ್ ಮುಂದಿಟ್ಟದ್ದು 1903ರಲ್ಲಿ!

ವಿದ್ಯಾರ್ಥಿಗಳು 8191ನ್ನು ತಾವೇ ಪರೀಕ್ಷಿಸಬಹುದು. ಅದು 2ರ 13ನೇ ಘಾತಕ್ಕಿಂತ 1 ಕಡಿಮೆ. ಹಳೆಯ ದಾರಿಯಲ್ಲಿ 24 ಅವಿಭಾಜ್ಯಗಳಿಂದ ಭಾಗಿಸಬೇಕು, ಹೊಸ ದಾರಿಯಲ್ಲಿ 11 ಹೆಜ್ಜೆ. ಹತ್ತನೆಯ ಹೆಜ್ಜೆಯಲ್ಲಿ 128 ಬಂದರೆ ಲೆಕ್ಕ ಸರಿಯಾಗಿದೆ ಎಂದು ತಿಳಿಯಿರಿ.